ಹನ್ನೊಂದರಲ್ಲಿ ಏಳು: ಕಲೌಪಪದ ಸಲಹಾ ಆಯೋಗ

ಸಲಹಾ ಸಮಿತಿ ಎಂದ ಕೂಡಲೇ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ವರ್ಷಕ್ಕೆರಡು ಸಲ ಸೇರಿ, ಹಿಂದಿನ ಸಭೆಯ ನಡಾವಳಿಗೆ ಒಪ್ಪಿಗೆ ಕೊಟ್ಟು, ಗೋಡಂಬಿ ತಟ್ಟೆ ಖಾಲಿ ಮಾಡಿ ಏಳುವ ಗುಂಪು. ಆ ಅನುಮಾನ ಪೂರ್ತಿ ಅನ್ಯಾಯದ್ದೇನಲ್ಲ. ಸಲಹೆ ಕೊಡುವವರಿಗೆ ಅಧಿಕಾರವಿಲ್ಲ, ಅಧಿಕಾರವಿರುವವರಿಗೆ ಕೇಳಲೇಬೇಕೆಂಬ ಕಟ್ಟಳೆಯಿಲ್ಲ. ಹೀಗಿರುವಾಗ ನಡಾವಳಿ ಪುಸ್ತಕ ದಪ್ಪವಾಗುತ್ತದೆ, ಅಷ್ಟೆ. ಚಾರಿತ್ರಿಕ ತಾಣವೊಂದನ್ನು ಕಾಯುವ ಸಂಸ್ಥೆಯ ಬಗ್ಗೆ ಈ ಸಂಚಿಕೆಗೆ ಬರೆಯುವ ಸಂದರ್ಭ ಬಂದಾಗ ನಾನು ಆರಿಸಿಕೊಂಡದ್ದು ಈ ರೂಢಿಗೆ ಹೊರತಾದ ಒಂದು ಆಯೋಗವನ್ನು. ಹವಾಯಿ ದ್ವೀಪಸಮೂಹದ ಮೊಲೊಕಾಯಿ ದ್ವೀಪದಲ್ಲಿರುವ ಕಲೌಪಪ ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ಸಲಹಾ ಆಯೋಗ ಅದು. ಹನ್ನೊಂದು ಸದಸ್ಯರು. ಅವರಲ್ಲಿ ಏಳು ಮಂದಿ ಕುಷ್ಠರೋಗಕ್ಕೆ ತುತ್ತಾಗಿ ಅಲ್ಲಿ ಬದುಕಿದವರೇ ಆಗಿರಬೇಕು, ಆ ಏಳು ಮಂದಿಯನ್ನು ರೋಗಿಗಳ ಸಮುದಾಯವೇ ಚುನಾಯಿಸಬೇಕು ಎಂದು ಅಮೆರಿಕದ ಸಂಸತ್ತು 1980ರಲ್ಲಿ ಕಾನೂನು ಮಾಡಿತು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ವಿಷಯದಲ್ಲಿ ಈ ಆಯೋಗದ ಸಲಹೆಯನ್ನು ಮಂತ್ರಿ ತಳ್ಳಿಹಾಕುವಂತೆಯೇ ಇಲ್ಲ ಎಂದಿತು.

ಇಂಥ ಕಲಮು ಸರ್ಕಾರದ ಔದಾರ್ಯದಿಂದ ತಾನಾಗಿ ಹುಟ್ಟುವುದಿಲ್ಲ. ಅದರ ಹಿಂದೆ ನೂರು ವರ್ಷಕ್ಕೂ ಮೀರಿದ, ಯಾರನ್ನೂ ಕೇಳದೆ ನಡೆದ ಆಡಳಿತವಿತ್ತು.

ಕಲೌಪಪ ಮೊಲೊಕಾಯಿಯ ಉತ್ತರ ದಡದಿಂದ ಸಮುದ್ರದೊಳಕ್ಕೆ ಚಾಚಿಕೊಂಡ ಒಂದು ಚಪ್ಪಟೆ ನೆಲ. ಮೂರು ಕಡೆ ಪೆಸಿಫಿಕ್ ಸಾಗರ, ನಾಲ್ಕನೆಯ ಕಡೆ ಗೋಡೆಯಂತೆ ಎದ್ದು ನಿಂತ ಕಡಲ ಬಂಡೆ. ದ್ವೀಪದ ಮೇಲ್ಭಾಗದಿಂದ ಕೆಳಗಿಳಿಯಲು ಇರುವ ಕಾಲುದಾರಿಗೆ 26 ತಿರುವುಗಳು, ಇಳಿಯಬೇಕಾದ ಎತ್ತರ ಸುಮಾರು 1,600 ಅಡಿ. ವಾಹನ ಇಳಿಯುವ ರಸ್ತೆ ಇವತ್ತಿಗೂ ಇಲ್ಲ. ಸಣ್ಣ ವಿಮಾನ ಇಳಿಯುವ ಪಟ್ಟಿಯೊಂದಿದೆ. ಸಿಮೆಂಟು, ಫ್ರಿಜ್ಜು, ಕಾರಿನಂಥ ಭಾರೀ ಸಾಮಾನು ಬರುವುದು ಬೇಸಿಗೆಯಲ್ಲಿ ಸಮುದ್ರ ಶಾಂತವಾದಾಗ ಬರುವ ಸರಕು ದೋಣಿಯಲ್ಲಿ. ತಪ್ಪಿಸಿಕೊಂಡು ಹೋಗಲಾಗದ ಜಾಗ ಬೇಕು ಎಂದು ಹುಡುಕಿದ ಅಧಿಕಾರಿಗಳಿಗೆ ನಕ್ಷೆಯಲ್ಲಿ ಇದಕ್ಕಿಂತ ಒಳ್ಳೆಯದು ಸಿಕ್ಕಿರಲಾರದು.

ಹವಾಯಿ ಆಗ ಸ್ವತಂತ್ರ ರಾಜ್ಯ. ಐದನೆಯ ಕಮೆಹಮೆಹ ದೊರೆ 1865ರಲ್ಲಿ ಕುಷ್ಠರೋಗ ಹರಡದಂತೆ ತಡೆಯುವ ಕಾಯಿದೆಗೆ ಸಹಿ ಹಾಕಿದ. 1866ರ ಜನವರಿ 6ರಂದು ಮೊದಲ ತಂಡ ಬಂದಿಳಿಯಿತು, 12 ಮಂದಿ. ಅವರನ್ನು ಇಳಿಸಿದ್ದು ಚಾಚುನೆಲದ ಪೂರ್ವ ಮಗ್ಗುಲಿನ ಕಲವಾವೊದಲ್ಲಿ. ಆಮೇಲಿನ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಸುಮಾರು 8,000 ಮಂದಿಯನ್ನು ಹೀಗೆ ಕಳಿಸಲಾಯಿತು. ಅವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಜನ ಹವಾಯಿಯ ಮೂಲನಿವಾಸಿಗಳು. ಮಕ್ಕಳನ್ನು ತಾಯಂದಿರಿಂದ ಬಿಡಿಸಿ ತಂದರು. ಅಲ್ಲೇ ಹುಟ್ಟಿದ ಕೂಸುಗಳನ್ನು ತಾಯಂದಿರಿಂದ ಬಿಡಿಸಿ ಹೊರಗೆ ಕಳಿಸಿದರು. ಆ ನೆಲದಲ್ಲಿ ಶತಮಾನಗಳಿಂದ ಗೆಣಸು ಬೆಳೆದು, ಮೀನು ಹಿಡಿದು ಬಾಳಿದ್ದ ಮೂಲ ಊರಿನವರೂ ಇದ್ದರು. ರೋಗಿಗಳಿಗೆ ಜಾಗ ಬೇಕೆಂದು 1895ರ ಹೊತ್ತಿಗೆ ಅವರನ್ನೂ ಎಬ್ಬಿಸಿದರು. ಕಲೌಪಪದಲ್ಲಿ ಹೀಗೆ ಎರಡು ಬಗೆಯ ಗಡೀಪಾರು ನಡೆದಿದೆ. ಎರಡನೆಯದರ ಮಾತು ಅಷ್ಟಾಗಿ ಕೇಳಿಬರುವುದಿಲ್ಲ.

ಹೊರಜಗತ್ತಿಗೆ ಕಲೌಪಪ ಎಂದರೆ ಫಾದರ್ ಡೇಮಿಯನ್. ಬೆಲ್ಜಿಯಂನ ಈ ಪಾದ್ರಿ 1873ರಲ್ಲಿ ಬಂದು, ರೋಗಿಗಳ ಜತೆ ಬಾಳಿ, ಅದೇ ರೋಗ ತಗುಲಿ 1889ರಲ್ಲಿ 49ನೆಯ ವಯಸ್ಸಿನಲ್ಲಿ ತೀರಿಕೊಂಡರು. 2009ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. 1888ರಲ್ಲಿ ಬಂದು ಮೂವತ್ತು ವರ್ಷ ದುಡಿದು ಅಲ್ಲೇ ಮಣ್ಣಾದ ಮದರ್ ಮರಿಯಾನ್ ಕೋಪ್ ಅವರಿಗೆ ಆ ಗೌರವ ಸಂದದ್ದು 2012ರಲ್ಲಿ. ಇಬ್ಬರ ದೊಡ್ಡತನದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಒಂದೂರಿನ ಕಥೆಯೆಲ್ಲ ಅಲ್ಲಿಗೆ ಬಂದ ಇಬ್ಬರು ಪುಣ್ಯಾತ್ಮರ ಕಥೆಯಾಗಿಬಿಟ್ಟರೆ, ಉಳಿದ 8,000 ಮಂದಿ ಅವರ ಕರುಣೆಗೆ ಪಾತ್ರರಾದವರಾಗಿ ಮಾತ್ರ ಉಳಿಯುತ್ತಾರೆ. ಅವರಲ್ಲಿ ಶಾಸನಸಭೆಯ ಸದಸ್ಯರಾಗಿದ್ದವರಿದ್ದರು, ಸಂಗೀತಗಾರರಿದ್ದರು, ಹೆಂಡತಿಯನ್ನು ಬಿಟ್ಟಿರಲಾರದೆ ರೋಗವಿಲ್ಲದಿದ್ದರೂ ಜತೆಗೆ ಬಂದ ಜೊನಾಥನ್ ನಪೆಲನಂಥವರಿದ್ದರು. ಅರ್ಜಿ ಬರೆದರು, ಜಗಳವಾಡಿದರು, ಚರ್ಚು ಕಟ್ಟಿದರು, ಬೇಸ್‌ಬಾಲ್ ಆಡಿದರು.

ಆಡಳಿತ ಮಾತ್ರ ಆರೋಗ್ಯ ಮಂಡಳಿಯ ಕೈಯಲ್ಲಿ. ಯಾರು ಎಲ್ಲಿರಬೇಕು, ಯಾರಿಗೆ ಎಷ್ಟು ಪಡಿತರ, ಬಂದ ನೆಂಟರು ಎಷ್ಟು ದೂರದಲ್ಲಿ ನಿಂತು ಮಾತಾಡಬೇಕು ಎಂಬುದೆಲ್ಲ ಹೊನೊಲುಲುವಿನಿಂದ ತೀರ್ಮಾನವಾಗುತ್ತಿತ್ತು. ರೋಗಿಗಳನ್ನು ಕೇಳದೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಆ ಕಾಲದ್ದೇ ಒಂದು ನಿದರ್ಶನವಿದೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹವಾಯಿಯನ್ನು ತನ್ನದಾಗಿಸಿಕೊಂಡ ಮೇಲೆ ಅಮೆರಿಕದ ಒಕ್ಕೂಟ ಸರ್ಕಾರ ಕಲವಾವೊದಲ್ಲಿ ಒಂದು ಕುಷ್ಠರೋಗ ಸಂಶೋಧನಾ ಕೇಂದ್ರ ಕಟ್ಟಿಸಿತು. ಆಸ್ಪತ್ರೆ, ಪ್ರಯೋಗಾಲಯ, ಸ್ವಂತ ವಿದ್ಯುತ್ತು, ಅಂದಿನ ಕಾಲಕ್ಕೆ ದ್ವೀಪದಲ್ಲೇ ಇಲ್ಲದ ಸೌಕರ್ಯ. 1909ರಲ್ಲಿ ಬಾಗಿಲು ತೆರೆಯಿತು. ಒಳಗಿರಲು ಒಪ್ಪಿದ ರೋಗಿಗಳು ಒಂಬತ್ತೇ ಮಂದಿ. ಊರಿನವರಿಂದ ಬೇಲಿಯಾಚೆ ಬೇರೆಯಾಗಿ, ಡಾಕ್ಟರುಗಳ ಕಟ್ಟುಪಾಡಿನಲ್ಲಿ ಬದುಕುವುದು ಆ ಒಂಬತ್ತು ಮಂದಿಗೂ ಬೇಡವಾಯಿತು. 1913ರಲ್ಲಿ ಕೇಂದ್ರ ಮುಚ್ಚಿತು. ಅಲ್ಲಿದ್ದವರನ್ನು ಮೊದಲೇ ಕೇಳಿದ್ದರೆ ಗೊತ್ತಾಗುತ್ತಿದ್ದ ಸಂಗತಿಯನ್ನು ತಿಳಿದುಕೊಳ್ಳಲು ಒಂದು ಆಸ್ಪತ್ರೆಯನ್ನೇ ಕಟ್ಟಬೇಕಾಯಿತು.

ರೋಗಕ್ಕೆ ಗುಣ ಕಾಣಿಸುವ ಸಲ್ಫೋನ್ ಔಷಧಿ 1946ರಲ್ಲಿ ಬಂತು. ಮರುವರ್ಷ ಮೇಲ್ವಿಚಾರಕರಾಗಿ ಬಂದ ಮಾಜಿ ಗವರ್ನರ್ ಲಾರೆನ್ಸ್ ಜಡ್ ರೋಗಿಗಳನ್ನೂ ಸಿಬ್ಬಂದಿಯನ್ನೂ ಬೇರ್ಪಡಿಸಿದ್ದ ಬೇಲಿಗಳನ್ನು ಕೀಳಿಸಿದರು. ಕಡ್ಡಾಯ ಪ್ರತ್ಯೇಕವಾಸದ ಕಾನೂನು ರದ್ದಾದದ್ದು ಮಾತ್ರ 1969ರಲ್ಲಿ, ಔಷಧಿ ಬಂದು ಇಪ್ಪತ್ತಮೂರು ವರ್ಷ ಕಳೆದ ಮೇಲೆ. (ನಮ್ಮಲ್ಲಿ ಬ್ರಿಟಿಷರ ಕಾಲದ 1898ರ ಲೆಪರ್ಸ್ ಆಕ್ಟ್ ಕಾನೂನು ಪುಸ್ತಕದಿಂದ ಅಳಿಸಿಹೋದದ್ದು 2016ರಲ್ಲಿ. ಆದ್ದರಿಂದ ಹವಾಯಿಯವರನ್ನು ನೋಡಿ ನಗುವ ಹಕ್ಕು ನಮಗಿಲ್ಲ.) ಬಾಗಿಲು ತೆರೆದಾಗ ಕೆಲವರು ಹೊರಟರು. ಬಹಳ ಜನ ಉಳಿದರು. ಹತ್ತು ವರ್ಷದ ಹುಡುಗನಾಗಿ ಬಂದು ಐವತ್ತಾದವನಿಗೆ ಹೋಗಲು ಊರೆಲ್ಲಿದೆ? ಮನೆ, ಮದುವೆ, ನಾಯಿ, ತೋಟ, ಗೆಳೆಯರ ಗೋರಿ ಎಲ್ಲವೂ ಇಲ್ಲೇ. ಬಲವಂತದಿಂದ ತಂದು ಹಾಕಿದ ಜಾಗ ಅಷ್ಟರಲ್ಲಿ ಅವರ ಊರಾಗಿತ್ತು. ಇರುವ ಹಕ್ಕಿಗಾಗಿ ಹೋರಾಡಬೇಕಾದ ಪರಿಸ್ಥಿತಿ ಬಂದದ್ದು ಆಗ.

1970ರ ದಶಕದಲ್ಲಿ ಎರಡು ಭಯ ಒಟ್ಟಿಗೇ ಬಂದವು. ರೋಗಿಗಳ ಸಂಖ್ಯೆ ಇಳಿಯುತ್ತಿರುವಾಗ ಇಷ್ಟು ದೂರದ ವಸಾಹತನ್ನು ನಡೆಸುವುದು ದಂಡದ ಖರ್ಚು ಎಂದು ರಾಜ್ಯ ಸರ್ಕಾರ ಎಲ್ಲರನ್ನೂ ಹೊನೊಲುಲುವಿಗೆ ಸಾಗಿಸಿಬಿಟ್ಟರೆ? ಖಾಲಿಯಾದ ಕಡಲತಡಿಯ ಮೇಲೆ ಹೋಟೆಲಿನವರ ಕಣ್ಣು ಬಿದ್ದರೆ? ಎರಡೂ ಕಲ್ಪನೆಯ ಭಯವಾಗಿರಲಿಲ್ಲ. ಮೊಲೊಕಾಯಿಯ ಪಶ್ಚಿಮ ತುದಿಯಲ್ಲಿ ಆ ವರ್ಷಗಳಲ್ಲೇ ರೆಸಾರ್ಟು ಏಳುತ್ತಿತ್ತು. ಹೊನೊಲುಲುವಿನ ಸಮೀಪದ ಪರ್ಲ್ ಸಿಟಿಯಲ್ಲಿ ರೋಗಿಗಳಿಗಿದ್ದ ಹಾಲೆ ಮೊಹಾಲು ಎಂಬ ವಸತಿಯನ್ನು 1978ರಲ್ಲಿ ರಾಜ್ಯ ಮುಚ್ಚಿತು. ಆರನೆಯ ವಯಸ್ಸಿನಲ್ಲಿ ಮನೆಯಿಂದ ಒಯ್ಯಲ್ಪಟ್ಟಿದ್ದ ಬರ್ನಾರ್ಡ್ ಪುನಿಕಾಯ ಮತ್ತು ಗೆಳೆಯರು ಅಲ್ಲಿಂದ ಏಳಲಿಲ್ಲ. ನೀರು, ವಿದ್ಯುತ್ತು ನಿಲ್ಲಿಸಿದರೂ ಏಳಲಿಲ್ಲ. ಕಲೌಪಪದಲ್ಲಿ ಇನ್ನೊಬ್ಬರಿದ್ದರು, ರಿಚರ್ಡ್ ಮಾರ್ಕ್ಸ್. ಅವರೂ ರೋಗಿ. ಪ್ರವಾಸಿಗಳನ್ನು ಹಳೆಯ ಬಸ್ಸಿನಲ್ಲಿ ಕೂರಿಸಿಕೊಂಡು ಊರು ತೋರಿಸುತ್ತ, ಅಧಿಕಾರಿಗಳ ಬಗ್ಗೆ ಇದ್ದದ್ದನ್ನು ಇದ್ದಹಾಗೆ ಹೇಳುತ್ತ ಹೆಸರಾದವರು. ಈ ಜಾಗವನ್ನು ರಾಷ್ಟ್ರೀಯ ಉದ್ಯಾನ ಮಾಡಿಬಿಟ್ಟರೆ ರಾಜ್ಯವೂ ಮುಚ್ಚಲಾರದು, ಹೋಟೆಲಿನವರೂ ಕೊಳ್ಳಲಾರರು ಎಂಬ ದಾರಿಯನ್ನು ಗಟ್ಟಿಯಾಗಿ ಹಿಡಿದವರಲ್ಲಿ ಅವರೊಬ್ಬರು.

1976ರಲ್ಲಿ ಎರಡು ಕೆಲಸಗಳಾದವು. ಕಲೌಪಪ ವಸಾಹತಿಗೆ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂಬ ಮಾನ್ಯತೆ ಸಿಕ್ಕಿತು. ಹವಾಯಿಯ ಪ್ರತಿನಿಧಿ ಪ್ಯಾಟ್ಸಿ ಮಿಂಕ್ ಅವರ ಪ್ರಯತ್ನದಿಂದ, ಇಲ್ಲಿ ಉದ್ಯಾನ ಮಾಡುವುದು ಸಾಧ್ಯವೇ, ಯುಕ್ತವೇ ಎಂದು ಪರಿಶೀಲಿಸುವ ಒಂದು ಸಲಹಾ ಆಯೋಗವನ್ನು ಸಂಸತ್ತು ರಚಿಸಿತು. ಉದ್ಯಾನಕ್ಕಿಂತ ಮೊದಲೇ ಆಯೋಗ ಹುಟ್ಟಿತ್ತು ಎಂಬುದನ್ನು ಗಮನಿಸಬೇಕು. ಸಾಮಾನ್ಯವಾಗಿ ಗಡಿ ಗೆರೆ ಎಳೆದು, ಫಲಕ ನೆಟ್ಟು, ವಿರೋಧ ಬಂದ ಮೇಲೆ ಸಮಿತಿ ಮಾಡುತ್ತಾರೆ. ಇಲ್ಲಿ ವರದಿ ಬಂದದ್ದು 1980ರಲ್ಲಿ, ಅದೇ ವರ್ಷದ ಡಿಸೆಂಬರ್ 22ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಕಾಯಿದೆಗೆ ಸಹಿ ಹಾಕಿದರು.

ಆ ಕಾಯಿದೆ ಚಿಕ್ಕದು, ಆದರೆ ಅದರ ಮಾತುಗಳ ಕ್ರಮ ನೋಡಬೇಕು. ಉದ್ಯಾನದ ಉದ್ದೇಶಗಳನ್ನು ಹೇಳುವಾಗ ಐತಿಹಾಸಿಕ ಕಟ್ಟಡಗಳ ಮಾತು ಆಮೇಲೆ ಬರುತ್ತದೆ. ಅದಕ್ಕಿಂತ ಮೊದಲೇ ಬರುವುದು, ರೋಗಿಗಳು ತಮಗೆ ಇಷ್ಟವಿರುವಷ್ಟು ಕಾಲ ಇಲ್ಲೇ ಉಳಿಯಬಹುದು ಎಂಬ ಖಾತ್ರಿ. ಅವರಿಗೆ ಚೆನ್ನಾಗಿ ನಡೆಯುವ ಊರೊಂದನ್ನು ಒದಗಿಸುವ ಹೊಣೆ. ಅವರ ಬದುಕಿನ ರೀತಿಗೆ, ಖಾಸಗಿತನಕ್ಕೆ ರಕ್ಷಣೆ. ತಾಣವನ್ನು ಕಾಪಾಡುವ, ಅದರ ಕಥೆ ಹೇಳುವ ಕೆಲಸವನ್ನು ಸಾಧ್ಯವಾದಷ್ಟೂ ರೋಗಿಗಳೂ ಹವಾಯಿಯ ಮೂಲನಿವಾಸಿಗಳೂ ಮಾಡಬೇಕು, ಅದಕ್ಕೆ ಬೇಕಾದ ತರಬೇತಿ ಕೊಡಬೇಕು ಎಂದೂ ಹೇಳಿತು. ಪ್ರವಾಸಿಗಳಿಂದ ಹಣ ಬರುವ ವ್ಯಾಪಾರವಿದ್ದರೆ ಅದನ್ನು ನಡೆಸುವ ಮೊದಲ ಹಕ್ಕು ರೋಗಿಗಳಿಗೆ, ಅವರು ಬೇಡವೆಂದರೆ ಎರಡನೆಯ ಹಕ್ಕು ಮೂಲನಿವಾಸಿಗಳಿಗೆ. ಒಕ್ಕೂಟದ ಬೇಟೆ-ಮೀನುಗಾರಿಕೆ ನಿಯಮಗಳು ಏನೇ ಇರಲಿ, ರೋಗಿಗಳು ಮೀನು ಹಿಡಿಯಬಹುದು, ಬೇಟೆಯಾಡಬಹುದು. ದಿನಕ್ಕೆ ನೂರಕ್ಕಿಂತ ಹೆಚ್ಚು ಜನ ಹೊರಗಿನಿಂದ ವಸಾಹತಿಗೆ ಬರುವಂತಿಲ್ಲ, ರೋಗಿಗಳು ಹಾಗೆ ಬಯಸುವಷ್ಟು ಕಾಲ.

ಈ ಕೊನೆಯ ಮಾತಿಗೆ ಹಲ್ಲು ಕೊಟ್ಟದ್ದು ಸಲಹಾ ಆಯೋಗದ ಕಲಮು. ಏಳು ಮಂದಿಯನ್ನು ರೋಗಿಗಳ ಸಮುದಾಯ ಆರಿಸುತ್ತದೆ, ನಾಲ್ಕು ಮಂದಿಯ ಹೆಸರನ್ನು ಹವಾಯಿಯ ಗವರ್ನರ್ ಸೂಚಿಸುತ್ತಾರೆ, ಆ ನಾಲ್ವರಲ್ಲಿ ಒಬ್ಬರಾದರೂ ಮೂಲನಿವಾಸಿಯಾಗಿರಬೇಕು. ನೇಮಕದ ಕಾಗದ ಹೊರಡುವುದು ಇಂಟೀರಿಯರ್ ಇಲಾಖೆಯ ಕಾರ್ಯದರ್ಶಿಯ ಹೆಸರಿನಲ್ಲಿ, ಅಂದರೆ ನಮ್ಮ ಲೆಕ್ಕದಲ್ಲಿ ಮಂತ್ರಿಯ ಹೆಸರಿನಲ್ಲಿ. ಅವಧಿ ಐದು ವರ್ಷ. ಉದ್ಯಾನದ ಅಭಿವೃದ್ಧಿ, ಆಡಳಿತ, ತರಬೇತಿ ಎಲ್ಲದರ ಬಗ್ಗೆ ಮಂತ್ರಿ ಈ ಆಯೋಗದ ಸಲಹೆ ಕೇಳಬೇಕು. ಇಲ್ಲಿಯವರೆಗೆ ಇದು ಅಮೆರಿಕದ ಎಷ್ಟೋ ಉದ್ಯಾನಗಳಿಗಿರುವ ಆಯೋಗಗಳ ಹಾಗೆಯೇ. ಮುಂದಿನ ವಾಕ್ಯದಲ್ಲಿ ಬೇರೆಯಾಗುತ್ತದೆ. ಎಷ್ಟು ಪ್ರವಾಸಿಗಳು ಬರಬಹುದು ಎಂಬ ವಿಷಯದಲ್ಲಿ ಆಯೋಗವು ರೋಗಿಗಳ ಸಮುದಾಯದ ಜನಮತ ಸಂಗ್ರಹ ನಡೆಸಿ, ಅದರ ಆಧಾರದ ಮೇಲೆ ಈ ಸಲಹೆ ಕೊಡುತ್ತಿದ್ದೇವೆ ಎಂದು ದೃಢೀಕರಿಸಿದರೆ ಮಂತ್ರಿ ಆ ಸಲಹೆಗೆ ಬದ್ಧ.

ಸಲಹೆ ಆಜ್ಞೆಯಾಗುವ ಈ ಒಂದೇ ಒಂದು ಸಂದರ್ಭಕ್ಕೆ ಶಾಸನಕಾರರು ಆರಿಸಿಕೊಂಡ ವಿಷಯ ಯಾವುದು ಎಂಬುದರಲ್ಲಿ ವಿವೇಕವಿದೆ ಎಂದು ನನ್ನ ಎಣಿಕೆ. ಕಟ್ಟಡದ ಸುಣ್ಣ ಯಾವ ಬಣ್ಣ, ಛಾವಣಿಗೆ ಯಾವ ಹಲಗೆ ಎಂಬುದಕ್ಕೆ ತಜ್ಞರಿದ್ದಾರೆ. ಬಜೆಟ್ಟಿಗೆ ಸಂಸತ್ತಿದೆ. ಆದರೆ ತನ್ನ ಮನೆಯ ಮುಂದೆ ಎಷ್ಟು ಅಪರಿಚಿತರು ನಿಂತು ನೋಡಬಹುದು ಎಂಬುದನ್ನು ಆ ಮನೆಯವನಿಗಿಂತ ಚೆನ್ನಾಗಿ ಬಲ್ಲ ತಜ್ಞ ಇಲ್ಲ. ಅದರಲ್ಲೂ ಜೀವಮಾನವಿಡೀ ಬೇರೆಯವರ ನೋಟಕ್ಕೆ ಅಂಜಿ, ಫೋಟೋ ಹಿಡಿಸಿಕೊಂಡು, ವೈದ್ಯಕೀಯ ಪುಸ್ತಕಗಳಲ್ಲಿ ಅಚ್ಚಾಗಿ ಬದುಕಿದವರಿಗೆ ಈ ಪ್ರಶ್ನೆಯಷ್ಟು ಹತ್ತಿರದ್ದು ಬೇರೊಂದಿರಲಾರದು. ಹಾಗೆಂದು ಅವರೆಲ್ಲ ಪ್ರವಾಸಿಗಳನ್ನು ದ್ವೇಷಿಸಿದರು ಎಂದೇನೂ ಅಲ್ಲ. ಮಾರ್ಕ್ಸ್ ಅವರ ಜೀವನೋಪಾಯವೇ ಪ್ರವಾಸಿಗಳು. ಜನ ಬರಲಿ, ಕೇಳಲಿ, ತಿಳಿಯಲಿ. ಎಷ್ಟು, ಹೇಗೆ ಎಂಬುದನ್ನು ನಾವು ಹೇಳುತ್ತೇವೆ. ಇಷ್ಟೇ ಅವರ ಪಟ್ಟು.

ಇದರ ಫಲವಾಗಿ ಕಲೌಪಪ ಬಹಳ ವಿಚಿತ್ರವಾದ ರಾಷ್ಟ್ರೀಯ ಉದ್ಯಾನವಾಯಿತು. ಬೇರೆ ಕಡೆ ಪ್ರವಾಸಿಗಳ ಸಂಖ್ಯೆ ಏರಿದರೆ ಅದು ಯಶಸ್ಸು, ವಾರ್ಷಿಕ ವರದಿಯಲ್ಲಿ ದಪ್ಪಕ್ಷರ. ಇಲ್ಲಿ ಪರವಾನಗಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಹದಿನಾರು ವರ್ಷದೊಳಗಿನವರಿಗೆ ಪ್ರವೇಶವಿಲ್ಲ. ನಿವಾಸಿಗಳ ಲಿಖಿತ ಒಪ್ಪಿಗೆಯಿಲ್ಲದೆ ಅವರ ಫೋಟೋ ತೆಗೆಯುವಂತಿಲ್ಲ. ಮಕ್ಕಳನ್ನು ಬಿಡದ ನಿಯಮ ಹುಟ್ಟಿದ್ದು ಸೋಂಕಿನ ಹೆದರಿಕೆಯಿಂದ. ಹೆದರಿಕೆ ಹೋದ ಮೇಲೂ ನಿಯಮ ಉಳಿಯಿತು. ತಮ್ಮ ಕೂಸುಗಳನ್ನು ಕೈಯಿಂದ ಕಿತ್ತುಕೊಂಡಿದ್ದ ಊರಿನಲ್ಲಿ ಬೇರೆಯವರ ಮಕ್ಕಳು ಓಡಾಡುವುದನ್ನು ನೋಡಲು ಎಲ್ಲರಿಗೂ ಆಗುತ್ತಿರಲಿಲ್ಲ ಎಂದರೆ ಅರ್ಥವಾಗುವಂಥದ್ದೇ.

1972ರ ಒಕ್ಕೂಟ ಸಲಹಾ ಸಮಿತಿ ಕಾಯಿದೆಯ ಪ್ರಕಾರ ಅಮೆರಿಕದ ಇಂಥ ಆಯೋಗಗಳೆಲ್ಲ ಸಭೆಗೆ ಮೊದಲೇ ಸರ್ಕಾರಿ ಗೆಜೆಟ್ಟಿನಲ್ಲಿ ಪ್ರಕಟಣೆ ಕೊಡಬೇಕು, ಸಾರ್ವಜನಿಕರಿಗೆ ಬಾಗಿಲು ತೆರೆದಿರಬೇಕು, ನಡಾವಳಿ ಯಾರು ಕೇಳಿದರೂ ಸಿಗಬೇಕು. ಕಲೌಪಪದ ಸಭೆ ವಸಾಹತಿನೊಳಗೆ ನಡೆದರೆ? ಸಭೆ ಎಲ್ಲರಿಗೂ ಮುಕ್ತ, ಆದರೆ ಊರಿಗೆ ಪ್ರವೇಶವಿಲ್ಲ. ಕಾನೂನು ಕಾಲೇಜಿನ ಪ್ರಶ್ನೆಪತ್ರಿಕೆಗೆ ಹೇಳಿ ಮಾಡಿಸಿದಂತಿರುವ ಈ ತೊಡಕಿನಲ್ಲಿ ನನಗೆ ಒಂದು ಸಂತೋಷವೂ ಇದೆ. ಒಂದು ಶತಮಾನ ಹೊರಗಿನವರ ಸಭೆಗಳಲ್ಲಿ ಇವರ ಹಣೆಬರಹ ನಿರ್ಧಾರವಾಗುತ್ತಿತ್ತು, ಒಳಗೆ ಹೋಗಲು ಇವರಿಗೆ ಬಿಡುತ್ತಿರಲಿಲ್ಲ.

ಆಯೋಗಕ್ಕೆ ಇನ್ನೊಂದು ಉಪಯೋಗವೂ ಇತ್ತು, ಅದು ಜಮೀನಿನ ಕಾಗದ ನೋಡಿದರೆ ತಿಳಿಯುತ್ತದೆ. ಹೆಸರು ರಾಷ್ಟ್ರೀಯ ಉದ್ಯಾನವಾದರೂ ನೆಲದ ಬಹುಭಾಗ ಒಕ್ಕೂಟ ಸರ್ಕಾರದ್ದಲ್ಲ. 1909ರ ದೀಪಸ್ತಂಭದ ಸುತ್ತಲಿನ ತುಂಡು ಜಾಗ ಅದರದ್ದು. ಉಳಿದದ್ದರಲ್ಲಿ ಹೆಚ್ಚಿನದು ರಾಜ್ಯದ್ದು. 1,247 ಎಕರೆ ಮೂಲನಿವಾಸಿಗಳಿಗೆ ವಸತಿ, ಕೃಷಿಗೆಂದು ಮೀಸಲಿಟ್ಟ ಜಮೀನು ನೋಡಿಕೊಳ್ಳುವ ಹವಾಯಿಯನ್ ಹೋಮ್ ಲ್ಯಾಂಡ್ಸ್ ಇಲಾಖೆಯದು. ನ್ಯಾಷನಲ್ ಪಾರ್ಕ್ ಸರ್ವಿಸ್ ಅದನ್ನು 50 ವರ್ಷದ ಗುತ್ತಿಗೆಗೆ ಹಿಡಿದಿದೆ. ರೋಗಿಗಳ ಆರೋಗ್ಯ, ಊಟ, ಮನೆ ರಾಜ್ಯದ ಆರೋಗ್ಯ ಇಲಾಖೆಯ ಹೊಣೆ. ಇದರ ಮೇಲೆ ಈ ಚಾಚುನೆಲ ಕಲವಾವೊ ಎಂಬ ಪ್ರತ್ಯೇಕ ಕೌಂಟಿಯೂ ಹೌದು. ಅಲ್ಲಿ ಚುನಾಯಿತ ಆಡಳಿತವಿಲ್ಲ, ಆರೋಗ್ಯ ಇಲಾಖೆಯ ನಿರ್ದೇಶಕರೇ ಮೇಯರ್. ಚರ್ಚುಗಳದು ಬೇರೆಯೇ ಲೆಕ್ಕ. ಇಷ್ಟು ಯಜಮಾನರಿರುವ ಮನೆಯಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸುವುದು ಸುಲಭ. ನಿವಾಸಿಗಳ ಮಾತು ಸರ್ಕಾರಿ ದಾಖಲೆಯಾಗಿ ಉಳಿಯುವ, ಕೇಳಿಲ್ಲ ಎಂದು ಯಾರೂ ಹೇಳಲಾಗದ ಒಂದು ಜಾಗ ಬೇಕಿತ್ತು. ಆಯೋಗ ಅದಾಯಿತು.

ಇತಿಹಾಸ ಕಾಪಾಡುವ ಕೆಲಸದ ಮೇಲೂ ಇದರ ಪ್ರಭಾವ ಕಾಣುತ್ತದೆ. ಡೇಮಿಯನ್ ಅವರ ಸೇಂಟ್ ಫಿಲೊಮಿನಾ ಚರ್ಚಿನ ಜೀರ್ಣೋದ್ಧಾರ ಎಲ್ಲರೂ ನಿರೀಕ್ಷಿಸುವಂಥದ್ದೇ. ಆದರೆ ನಿವಾಸಿಗಳು ಸಿನಿಮಾ ನೋಡಿದ, ಕುಣಿದ ಪಾಸ್ಕೋಲ್ ಹಾಲ್ ಕೂಡ ದುರಸ್ತಿಯಾಗಿ ಮತ್ತೆ ಬಾಗಿಲು ತೆರೆಯಿತು. ಸಾಲುಮನೆಗಳು, ಅಂಗಡಿ, ಪೆಟ್ರೋಲ್ ಬಂಕು, ಕಡಲತಡಿಯ ಸಣ್ಣ ಗುಡಿಸಲುಗಳು ಕೂಡ ಚರಿತ್ರೆಯ ವಸ್ತುಗಳೆಂದು ಎಣಿಕೆಗೆ ಬಂದವು. ಗೋರಿಗಳ ವಿಷಯ ಕಷ್ಟದ್ದು. ಸುಮಾರು 8,000 ಮಂದಿ ಬಂದ ಜಾಗದಲ್ಲಿ ಗುರುತಿರುವ ಗೋರಿಗಳು ಒಂದು ಸಾವಿರದ ಚಿಲ್ಲರೆ. ಉಪ್ಪುಗಾಳಿಗೆ ಸವೆದ ಕಲ್ಲುಗಳನ್ನು ಒಂದೊಂದಾಗಿ ದುರಸ್ತಿ ಮಾಡುವುದು ಪಾರ್ಕ್ ಸರ್ವಿಸ್‌ನ ಮುಗಿಯದ ಕೆಲಸವಾಗಿದೆ.

ಆಯೋಗದ ಶಕ್ತಿಯನ್ನು ಹೊಗಳುವಾಗ ಅದರ ಬೇಲಿ ಎಲ್ಲಿಗೆ ನಿಲ್ಲುತ್ತಿತ್ತು ಎಂಬುದನ್ನೂ ಹೇಳಬೇಕು. ಕಲೌಪಪದ ರೋಗಿಗಳಿಗೆ ಆಯೋಗದಲ್ಲಿ ಬಹುಮತ ಕೊಟ್ಟ ಕಾಯಿದೆ ಬಂದು ಮೂರು ವರ್ಷವಾಗಿರಲಿಲ್ಲ, 1983ರ ಸೆಪ್ಟೆಂಬರಿನಲ್ಲಿ ಹಾಲೆ ಮೊಹಾಲುವಿನಲ್ಲಿ ಉಳಿದಿದ್ದವರನ್ನು ಪೊಲೀಸರು ಎಳೆದು ಹೊರಹಾಕಿದರು, ಪುನಿಕಾಯ ಬಂಧಿತರಾದರು, ಕಟ್ಟಡಗಳನ್ನು ಬುಲ್ಡೋಜರ್ ನೆಲಸಮ ಮಾಡಿತು. ಅದು ಉದ್ಯಾನದ ಗಡಿಯ ಹೊರಗಿನ, ರಾಜ್ಯದ ವ್ಯವಹಾರ. ಅದೇ ಸಮುದಾಯ ಸಮುದ್ರದ ಒಂದು ದಡದಲ್ಲಿ ಮಂತ್ರಿಯನ್ನೇ ಕಟ್ಟಿಹಾಕಬಲ್ಲ ಮತದಾರರು, ಇನ್ನೊಂದು ದಡದಲ್ಲಿ ಒತ್ತುವರಿದಾರರು. ಸಲಹಾ ಹಕ್ಕು ಎಂಬುದು ಗಡಿ ಗೆರೆಯೊಳಗಿನ ಹಕ್ಕು. ಆಸ್ಪತ್ರೆಯ ನರ್ಸುಗಳ ಸಂಖ್ಯೆ, ಊಟದ ಗುಣಮಟ್ಟ ಮುಂತಾಗಿ ದಿನನಿತ್ಯ ಬೇಕಾದ್ದೆಲ್ಲ ಆರೋಗ್ಯ ಇಲಾಖೆಗೆ ಸೇರಿದ್ದು. ಅದಕ್ಕೆ ರೋಗಿಗಳದೇ ಬೇರೊಂದು ಮಂಡಳಿ ಇತ್ತು, ಅದರ ಮಾತಿಗೆ ಇಂಥ ಕಾನೂನಿನ ಬಲವಿರಲಿಲ್ಲ.

ಇನ್ನು ಕಾಲದ ಪ್ರಶ್ನೆ. ಕಾಯಿದೆ ಆಯೋಗಕ್ಕೆ ಮೊದಲು ಕೊಟ್ಟದ್ದು 25 ವರ್ಷದ ಆಯಸ್ಸು; ಆಮೇಲೆ ಸಂಸತ್ತು ಅದನ್ನು ವಿಸ್ತರಿಸಿತು. ಆದರೆ ಶಾಸನದಿಂದ ವಿಸ್ತರಿಸಲಾಗದ್ದು ಮತದಾರರ ಪಟ್ಟಿ. 1969ರ ನಂತರ ಹೊಸ ರೋಗಿಗಳು ಬರುವಂತಿಲ್ಲ. ಉಳಿದವರಿಗೆ ವಯಸ್ಸಾಗುತ್ತ ಹೋಯಿತು. ಮಾರ್ಕ್ಸ್ 2008ರಲ್ಲಿ, ಪುನಿಕಾಯ 2009ರಲ್ಲಿ ತೀರಿಕೊಂಡರು. ಮುಂದಿನ ದಶಕದಲ್ಲಿ ಬದುಕಿದ್ದವರನ್ನು ಬೆರಳಲ್ಲಿ ಎಣಿಸಬಹುದಾಗಿತ್ತು. ಏಳು ಕುರ್ಚಿ ತುಂಬುವುದಿರಲಿ, ಆ ಏಳು ಮಂದಿಯನ್ನು ಆರಿಸುವ ಸಮುದಾಯವೇ ಕರಗುತ್ತಿತ್ತು. ಕಾಯಿದೆ ಬರೆದವರಿಗೆ ಇದು ಗೊತ್ತಿತ್ತು. ರೋಗಿಗಳ ಸಮುದಾಯ ಇಲ್ಲಿ ಇಲ್ಲವಾದ ಮೇಲೆ ಉದ್ಯಾನದ ಆಡಳಿತ ನೀತಿಯನ್ನೂ ಸಾರ್ವಜನಿಕ ಬಳಕೆಯನ್ನೂ ಮಂತ್ರಿ ಮತ್ತೆ ಪರಿಶೀಲಿಸಬೇಕು ಎಂದು ಕೊನೆಯಲ್ಲೊಂದು ಕಲಮು ಸೇರಿಸಿದ್ದರು. ಪರಿಶೀಲಿಸುವಾಗ ಯಾರನ್ನು ಕೇಳಬೇಕು ಎಂದು ಮಾತ್ರ ಬರೆಯಲಿಲ್ಲ. ಕಾಯಿದೆಯ ನಿಜವಾದ ಕೊರತೆ ಇದು ಎಂದು ನನಗನ್ನಿಸುತ್ತದೆ. ಏಳು ಮಂದಿಯ ಹಕ್ಕನ್ನು ಅಷ್ಟು ಜಾಣ್ಮೆಯಿಂದ ಕಟ್ಟಿದವರು ಅದರ ವಾರಸುದಾರರ ಬಗ್ಗೆ ಮೌನವಾಗಿಬಿಟ್ಟರು.

ಆ ಜಾಗವನ್ನು ತುಂಬಲು ನಿವಾಸಿಗಳೇ ಮುಂದೆ ಬಂದರು. 2003ರಲ್ಲಿ ಅವರೂ ಅವರ ಬಂಧುಗಳೂ ಗೆಳೆಯರೂ ಸೇರಿ ಕ ಒಹಾನಾ ಓ ಕಲೌಪಪ ಎಂಬ ಸಂಘ ಕಟ್ಟಿದರು. ಪೀಳಿಗೆಗಳಿಂದ ಮಾತಾಡದೆ ಮುಚ್ಚಿಟ್ಟಿದ್ದ ಹೆಸರುಗಳನ್ನು ಹುಡುಕಿಕೊಂಡು ಕುಟುಂಬಗಳು ಬರತೊಡಗಿದವು: ನಮ್ಮ ಮುತ್ತಜ್ಜಿ ಇಲ್ಲಿಗೆ ಬಂದಿದ್ದಳಂತೆ, ಯಾವ ವರ್ಷ, ಗೋರಿ ಎಲ್ಲಿ? ಬಂದವರೆಲ್ಲರ ಹೆಸರು ಕೊರೆದ ಸ್ಮಾರಕವೊಂದು ವಸಾಹತಿನೊಳಗೇ ಇರಬೇಕು ಎಂದು ಸಂಘ ಕೇಳಿತು, 2009ರಲ್ಲಿ ಸಂಸತ್ತು ಅದಕ್ಕೆ ಅನುಮತಿಯ ಕಾಯಿದೆ ಮಾಡಿತು. ಸಂತರಿಬ್ಬರ ನಡುವೆ ಮರೆಯಾಗಿದ್ದವರ ಹೆಸರುಗಳನ್ನು ಪಟ್ಟಿ ಮಾಡುವುದೇ ವರ್ಷಗಟ್ಟಲೆಯ ಕೆಲಸವಾಯಿತು.

ಪಾರ್ಕ್ ಸರ್ವಿಸ್ ಮುಂದಿನ ದಿನಗಳ ಸಮಗ್ರ ಯೋಜನೆಯ ಕರಡನ್ನು 2015ರಲ್ಲಿ ಹೊರತಂದಾಗ ಈ ವಾರಸಿಕೆಯ ಜಗಳ ಬೆಳಕಿಗೆ ಬಂತು. ರೋಗಿಗಳ ಸಮುದಾಯ ಇಲ್ಲವಾದ ಮೇಲೆ ದಿನಕ್ಕೆ ನೂರು ಎಂಬ ಮಿತಿ ಬೇಕೇ, ಮಕ್ಕಳಿಗೆ ಬಾಗಿಲು ತೆರೆಯಬೇಕೇ ಎಂಬ ಪ್ರಶ್ನೆಗಳು ಅದರಲ್ಲಿದ್ದವು. ವಂಶಸ್ಥರಿಗೆ ಮಕ್ಕಳನ್ನು ಕರೆತಂದು ಗೋರಿ ತೋರಿಸುವ ಆಸೆ. ದ್ವೀಪದ ಮೇಲ್ಭಾಗದ ಜನರಿಗೆ ತಮ್ಮ ಮೀನು ತುಂಬಿದ ಕಡಲಿಗೆ ಪ್ರವಾಸಿಗಳ ಹಿಂಡು ಇಳಿಯುವ ಆತಂಕ. ಮೀಸಲು ಜಮೀನಿಗಾಗಿ ವರ್ಷಗಳಿಂದ ಸರದಿಯಲ್ಲಿ ಕಾದಿರುವ ಮೂಲನಿವಾಸಿಗಳಿಗೆ, 1,247 ಎಕರೆಯನ್ನು ಗುತ್ತಿಗೆಗೆ ಕೊಟ್ಟದ್ದೇ ತಪ್ಪು ಎಂಬ ಅಸಮಾಧಾನ. ಇವರೆಲ್ಲರ ಮಾತಿಗೂ ನೆಲೆಯಿದೆ. ಹಿಂದೆ ಇಂಥ ಪ್ರಶ್ನೆಗೆ ಏಳು ಮಂದಿಯ ಒಂದು ಮಾತು ಸಾಕಾಗುತ್ತಿತ್ತು. ಇಂದು ಯಾವ ಗುಂಪಿಗೂ ಆ ತೂಕವಿಲ್ಲ, ಇರಬೇಕೆಂದು ಹೇಳುವ ಕಾನೂನೂ ಇಲ್ಲ. ಗುತ್ತಿಗೆಯ ಅವಧಿ ಮುಗಿಯುವುದು 2041ಕ್ಕೆ. ಆ ಮಾತುಕತೆಗೆ ಕೂರುವವರ ಪಟ್ಟಿಯಲ್ಲಿ ರೋಗಿಗಳ ಮರಿಮಕ್ಕಳಷ್ಟೇ ಅಲ್ಲ, 1895ರಲ್ಲಿ ಅದೇ ನೆಲದಿಂದ ಎಬ್ಬಿಸಲ್ಪಟ್ಟವರ ಮರಿಮಕ್ಕಳೂ ಇರಬೇಕಾಗುತ್ತದೆ. ಯಾವ ಆಯೋಗದಲ್ಲೂ ಅವರಿಗೆಂದು ಇದುವರೆಗೆ ಒಂದು ಕುರ್ಚಿಯನ್ನೂ ಗುರುತಿಸಿಟ್ಟಿಲ್ಲ.